ತಂತಿ ಮೊದಲು, ಕರೆಂಟು ಆಮೇಲೆ

2013ರ ಡಿಸೆಂಬರ್ 31ರ ರಾತ್ರಿ, ಊರೆಲ್ಲ ಹೊಸ ವರ್ಷದ ಗಡಿಬಿಡಿಯಲ್ಲಿದ್ದಾಗ, ರಾಯಚೂರಿನಿಂದ ಸೋಲಾಪುರಕ್ಕೆ ಎಳೆದಿದ್ದ 765 ಕಿಲೋವೋಲ್ಟ್ ಲೈನನ್ನು ಚಾರ್ಜ್ ಮಾಡಿ ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಸೇರಿಸಿದರು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ದೇಶಕ್ಕೆ ಒಂದೇ ಗ್ರಿಡ್. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಲ್ಲಿ (ಕೆಇಬಿ) ಕೆಲಸಕ್ಕೆ ಸೇರಿ, ಸಬ್‌ಸ್ಟೇಷನ್‌ಗಳಲ್ಲಿ ಶಿಫ್ಟ್ ಮಾಡಿ, ಕೊನೆಗೆ ಲೋಡ್ ಡೆಸ್ಪ್ಯಾಚ್ ಕಂಟ್ರೋಲ್ ರೂಮಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡ ನನ್ನಂಥವರಿಗೆ ಅದು ಹಬ್ಬ. ಉಳಿದವರಿಗೆ ಅದರ ಸುಳಿವೂ ಇರಲಿಲ್ಲ. ಅಣೆಕಟ್ಟು ಕಟ್ಟಿದರೆ ನೋಡಲು ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಹೊಲದ ಮೇಲೆ ಹಾದು ಹೋದ ತಂತಿಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ದೇಶದ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಅಗತ್ಯಗಳಿಗೆ ರಸ್ತೆ, ರೈಲು, ನೀರು, ವಿದ್ಯುತ್ ಎಲ್ಲವನ್ನೂ ಈಗಲೇ ಯೋಚಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಯೋಚಿಸುವುದು ಎಂದರೆ ನಿಜವಾಗಿ ಏನು ಮಾಡುವುದು? ಯಾರು ಮಾಡುತ್ತಾರೆ? ಲೆಕ್ಕ ತಪ್ಪಿದರೆ ಏನಾಗುತ್ತದೆ? ನನಗೆ ಗೊತ್ತಿರುವುದು ವಿದ್ಯುತ್ತು. ಅದರ ಕಥೆಯಲ್ಲೇ ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತೇನೆ.

ಮೊದಲು ಗ್ರಿಡ್ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಒಂದು ಜಾಲಕ್ಕೆ ಸೇರಿದ ಎಲ್ಲ ಜನರೇಟರುಗಳೂ, ಶರಾವತಿಯದಿರಲಿ ರಾಯಚೂರಿನದಿರಲಿ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ನಮ್ಮ ದೇಶದಲ್ಲಿ ಆ ಹೆಜ್ಜೆಯ ವೇಗ (ಫ್ರೀಕ್ವೆನ್ಸಿ) ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದಿದ್ದರೆ ವೇಗ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ದೊಡ್ಡ ಪ್ರಮಾಣದಲ್ಲಿ ವಿದ್ಯುತ್ತನ್ನು ಗೋದಾಮಿನಲ್ಲಿ ಸುಲಭವಾಗಿ ತುಂಬಿಡಲು ಆಗುವುದಿಲ್ಲವಾದ್ದರಿಂದ ಈ ಸಮತೋಲನವನ್ನು ಕ್ಷಣಕ್ಷಣವೂ ಕಾಯಬೇಕು.

ತೊಂಬತ್ತರ ದಶಕದಲ್ಲಿ ದಕ್ಷಿಣದ ರಾಜ್ಯಗಳದ್ದು ಪ್ರತ್ಯೇಕ ಜಾಲ. ಬೇಸಗೆಯಲ್ಲಿ ಸಂಜೆ ಆರೂವರೆಗೆ ಕಂಟ್ರೋಲ್ ರೂಮಿನ ಗೋಡೆಯ ಮೀಟರಿನಲ್ಲಿ ಅಂಕಿ ಇಳಿಯಲು ಶುರುವಾಗುತ್ತಿತ್ತು. 49ರ ಕೆಳಗೆ ಬರುವುದು ಆಗ ಮಾಮೂಲಿ. 48.8, 48.7, 48.6. ಅಲ್ಲಿಂದ ಕೆಳಗೆ ಹೋದರೆ ದೊಡ್ಡ ಟರ್ಬೈನುಗಳ ಬ್ಲೇಡುಗಳಿಗೇ ಅಪಾಯ. ಅವು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಕಳಚಿಕೊಂಡುಬಿಡುತ್ತವೆ, ಆಗ ಉಳಿದವುಗಳ ಮೇಲೆ ಇನ್ನಷ್ಟು ಭಾರ ಬಿದ್ದು ಇಡೀ ಜಾಲ ಕುಸಿಯುತ್ತದೆ. ನಾವು ಕ್ಯಾರಿಯರ್ ಫೋನ್ ಎತ್ತಿ ಸಬ್‌ಸ್ಟೇಷನ್‌ಗಳಿಗೆ ಒಂದೊಂದಾಗಿ ಹೇಳುತ್ತಿದ್ದೆವು: "ಎರಡು ಫೀಡರ್ ತೆಗೀರಿ, ಈಗಲೇ." ಆ ಕಡೆಯಿಂದ ಉತ್ತರ: "ಸಾರ್, ಈಗಷ್ಟೇ ಕೊಟ್ಟಿದ್ದೀವಿ. ಜನ ಬಾಗಿಲಲ್ಲೇ ನಿಂತಿದಾರೆ, ಪರೀಕ್ಷೆ ಟೈಮು." ಆದರೂ ತೆಗೆಯಲೇಬೇಕು. ತೆಗೆದ ಮೇಲೆ ಮೀಟರಿನಲ್ಲಿ 48.6 ಇದ್ದದ್ದು 48.7 ಆಗುವುದನ್ನು ನಿಂತು ನೋಡುತ್ತಿದ್ದೆವು. ಎಷ್ಟೋ ಮಕ್ಕಳ ಓದಿನ ಬೆಲೆಗೆ ಕೊಂಡ ಒಂದು ದಶಾಂಶ ಅದು.

ಅದೇ ಹೊತ್ತಿನಲ್ಲಿ ದೇಶದ ಪೂರ್ವ ಭಾಗದಲ್ಲಿ ರಾತ್ರಿ ವೇಳೆ ಕಲ್ಲಿದ್ದಲು ಸ್ಥಾವರಗಳಿಗೆ ಸಾಕಷ್ಟು ಬೇಡಿಕೆ ಇರುತ್ತಿರಲಿಲ್ಲ. ಅಲ್ಲಿ ಹೆಚ್ಚುವರಿ, ಇಲ್ಲಿ ಕೊರತೆ, ನಡುವೆ ತಂತಿ ಸಾಲದು. ನಮ್ಮ ಕಷ್ಟದ ಬಹುಪಾಲಿಗೆ ಕಾರಣ ಇಷ್ಟೇ ಎಂದು ಕಂಟ್ರೋಲ್ ರೂಮಿನಲ್ಲಿ ಕೂತವರಿಗೆಲ್ಲ ಗೊತ್ತಿತ್ತು.

ಈ ಸ್ಥಿತಿ ಒಂದು ದಿನದಲ್ಲಿ ಬಂದದ್ದಲ್ಲ. ನಮ್ಮಲ್ಲಿ ತಂತಿಯ ಕಥೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ತಂತಿ ಎಳೆದಾಗ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರವೂ ಸೊರಗುತ್ತಿತ್ತು. ಆದ್ದರಿಂದ ಮೇಲೆ ಕನ್ನಂಬಾಡಿಯಲ್ಲಿ ನೀರು ನಿಲ್ಲಿಸಬೇಕೆಂಬ ಯೋಜನೆ ಹುಟ್ಟಿತು. ಅಲ್ಲಿ ಎದ್ದ ಕೃಷ್ಣರಾಜಸಾಗರ (ಕೆಆರ್‌ಎಸ್) ಎಂದರೆ ಇವತ್ತು ನಮಗೆ ಮಂಡ್ಯದ ಕಬ್ಬು ಮತ್ತು ಬೆಂಗಳೂರಿನ ಕುಡಿಯುವ ನೀರು ನೆನಪಾಗುತ್ತದೆ. ಕಟ್ಟಲು ಹೊರಟಾಗ ಶಿವನಸಮುದ್ರದ ವಿದ್ಯುತ್ತೂ, ಗಣಿಗಳಿಂದ ಬರುವ ಹಣವೂ ದೊಡ್ಡ ಕಾರಣಗಳಾಗಿದ್ದವು.

ಕೆಆರ್‌ಎಸ್‌ನ ಕೆಲಸ 1911ರಲ್ಲಿ ಶುರುವಾದಾಗ ಮದ್ರಾಸ್ ಸರ್ಕಾರ ಒಪ್ಪಿದ್ದು ಸುಮಾರು 11 ಟಿಎಂಸಿ ನೀರು ನಿಲ್ಲುವ ಚಿಕ್ಕ ಅಣೆಕಟ್ಟಿಗೆ. ಮೈಸೂರಿನ ಇಂಜಿನಿಯರುಗಳು, ಅವರ ಮುಖ್ಯಸ್ಥರಾಗಿದ್ದ ವಿಶ್ವೇಶ್ವರಯ್ಯನವರು, ಅಡಿಪಾಯ ಹಾಕಿಸಿದ್ದು 41.5 ಟಿಎಂಸಿಯ ದೊಡ್ಡ ಅಣೆಕಟ್ಟಿಗೆ ಸರಿಹೋಗುವ ಹಾಗೆ. ಇದರಿಂದ ಎರಡು ಸರ್ಕಾರಗಳ ನಡುವೆ ಜಗಳವಾಯಿತು, ಅದು ತೀರಿದ್ದು 1924ರ ಒಪ್ಪಂದದಲ್ಲಿ. ನದಿ ನೀರಿನ ನ್ಯಾಯಾನ್ಯಾಯ ಬೇರೆ ವಿಷಯ, ಅದನ್ನು ಇಲ್ಲಿ ಎಳೆಯುವುದಿಲ್ಲ. ಇಂಜಿನಿಯರಾಗಿ ನಾನು ನೋಡುವುದು ಆ ಅಡಿಪಾಯವನ್ನು. ಗೋಡೆಯನ್ನು ಆಮೇಲೆ ಎತ್ತರಿಸಬಹುದು, ಬುಡವನ್ನು ಆಮೇಲೆ ಅಗಲ ಮಾಡಲಾಗದು. ಯಾವ ಭಾಗವನ್ನು ಮುಂದೆ ಬದಲಿಸಲು ಸಾಧ್ಯವೇ ಇಲ್ಲವೋ ಅದನ್ನು ಮಾತ್ರ ಇವತ್ತಿನ ಅಗತ್ಯಕ್ಕಿಂತ ದೊಡ್ಡದಾಗಿ ಮಾಡಬೇಕು, ಉಳಿದದ್ದನ್ನು ಬೇಕಾದಂತೆ ಸೇರಿಸಿಕೊಳ್ಳಬಹುದು. ದೀರ್ಘಕಾಲದ ಯೋಜನೆಯ ಬಗ್ಗೆ ನನಗೆ ತಿಳಿದಿರುವುದರ ತಿರುಳು ಇದೇ.

ವಿದ್ಯುತ್ತಿನಲ್ಲಿ ಹಾಗೆ ಬದಲಿಸಲಾಗದ ಭಾಗ ಲೈನು ಹಾದುಹೋಗುವ ದಾರಿ. ಕಾರಿಡಾರ್ ಅನ್ನುತ್ತೇವೆ. 400 ಕಿಲೋವೋಲ್ಟ್ ಲೈನಿಗೆ 46 ಮೀಟರು ಅಗಲದ ದಾರಿ ಬೇಕು. 765ಕ್ಕೆ ಸುಮಾರು 64 ಮೀಟರು. ಅಗಲ ಒಂದೂವರೆ ಪಟ್ಟೂ ಆಗಲಿಲ್ಲ, ಸಾಗುವ ವಿದ್ಯುತ್ತು ಮಾತ್ರ ಹತ್ತಿರ ಹತ್ತಿರ ನಾಲ್ಕು ಪಟ್ಟು. ಹೊಲ, ತೋಟ, ಊರು ಬೆಳೆದ ಮೇಲೆ ಎರಡನೆಯ ದಾರಿ ಸಿಗುವುದಿಲ್ಲ. ಉತ್ತರ ಭಾರತದಲ್ಲಿ ತೆಹ್ರಿ–ಮೀರತ್, ಕಿಶನ್‌ಪುರ–ಮೋಗಾ ಲೈನುಗಳನ್ನು 765ಕ್ಕೆ ತಕ್ಕ ಗೋಪುರಗಳ ಮೇಲೆ ಕಟ್ಟಿ, ಮೊದಲ ವರ್ಷಗಳಲ್ಲಿ 400ರಲ್ಲೇ ನಡೆಸಿದರು. ಆಗ ಅದನ್ನು ದುಂದುವೆಚ್ಚ ಎಂದವರಿದ್ದರು. ಕನ್ನಂಬಾಡಿಯ ಬುಡದ ಲೆಕ್ಕವೇ ಅಲ್ಲೂ ನಡೆದಿತ್ತು.

ಸ್ವಾತಂತ್ರ್ಯ ಬಂದಾಗ ಇಡೀ ದೇಶಕ್ಕೆ ಒಂದು ಜಾಲವೆಂಬುದೇ ಇರಲಿಲ್ಲ. ಊರಿಗೊಂದು ಕಂಪನಿ, ಸಂಸ್ಥಾನಕ್ಕೊಂದು ಇಲಾಖೆ. 1948ರ ಕಾಯ್ದೆ ಬಂದು ರಾಜ್ಯಗಳಿಗೆ ವಿದ್ಯುತ್ ಮಂಡಳಿಗಳಾದವು, ದೇಶದ ಲೆಕ್ಕ ನೋಡಲು ಕೇಂದ್ರ ವಿದ್ಯುತ್ ಪ್ರಾಧಿಕಾರ ಆಯಿತು. 1964ರಲ್ಲಿ ದೇಶವನ್ನು ಐದು ಪ್ರದೇಶಗಳಾಗಿ ವಿಂಗಡಿಸಿದರು, ದಕ್ಷಿಣದ ಕಚೇರಿ ಬೆಂಗಳೂರಿಗೆ ಬಂತು. ಪ್ರದೇಶಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ 1991ರಲ್ಲಿ ಪೂರ್ವ ಮತ್ತು ಈಶಾನ್ಯದಿಂದ ಶುರುವಾಗಿ, 2003ರಲ್ಲಿ ಪಶ್ಚಿಮ, 2006ರಲ್ಲಿ ಉತ್ತರ ಸೇರಿ, 2013ರ ಕೊನೆಯ ದಿನ ದಕ್ಷಿಣಕ್ಕೆ ಮುಟ್ಟಿತು. ಮಧ್ಯೆ ಎಷ್ಟು ಪ್ರಧಾನಿಗಳು ಬಂದು ಹೋದರು, ಎಷ್ಟು ಪಕ್ಷಗಳು ಆಳಿದವು ಎಂದು ಓದುಗರೇ ಎಣಿಸಿಕೊಳ್ಳಬಹುದು. ಯಾರೂ ಆ ನಕ್ಷೆಯನ್ನು ಹರಿದು ಹಾಕಲಿಲ್ಲ. ನಮ್ಮ ದೇಶಕ್ಕೆ ದೂರದ ಯೋಜನೆ ಒಗ್ಗುವುದಿಲ್ಲ ಎನ್ನುವವರಿಗೆ ನಾನು ತೋರಿಸುವ ಸಾಕ್ಷಿ ಇದು.

ದಕ್ಷಿಣ ಪೂರ್ತಿ ಸೇರುವ ಮುಂಚೆ, ಎರಡು ಜಾಲಗಳ ಹೆಜ್ಜೆ ಕೂಡಿಸದೆಯೇ ವಿದ್ಯುತ್ ಸಾಗಿಸುವ ಡಿಸಿ ಲೈನುಗಳ ಮೂಲಕ ಅಷ್ಟಿಷ್ಟು ವಿದ್ಯುತ್ ಬರುತ್ತಿತ್ತು. ಅವುಗಳಲ್ಲಿ ದೊಡ್ಡದು ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 1,300 ಕಿಲೋಮೀಟರಿಗೂ ಉದ್ದ ಬಂದದ್ದು. 2003ರಲ್ಲಿ ಅದು ನಡೆಯಲು ಶುರುವಾದ ಮೇಲೆ, ಅದೇ ವರ್ಷ ಫ್ರೀಕ್ವೆನ್ಸಿಗೆ ತಕ್ಕಂತೆ ದರ ಕಟ್ಟುವ ಹೊಸ ಪದ್ಧತಿಯೂ ದಕ್ಷಿಣಕ್ಕೆ ಬಂದ ಮೇಲೆ, ನಮ್ಮ ಗೋಡೆಯ ಮೀಟರು ನಿಧಾನವಾಗಿ 50ರ ಕಡೆಗೆ ತಿರುಗಿತು. ಜಾಲ ಬಡವಾಗಿದ್ದಾಗ ಯಾರು ಹೆಚ್ಚು ಎಳೆದರೂ ದುಬಾರಿ ದರ ಕೊಡಬೇಕು ಎಂದಾದಾಗ ಎಲ್ಲ ರಾಜ್ಯಗಳಿಗೂ ಶಿಸ್ತು ಬಂತು. ತಂತಿಯಷ್ಟೇ ಮುಖ್ಯವಾದದ್ದು ಆ ತಂತಿಯನ್ನು ಬಳಸುವ ನಿಯಮ.

2012ರ ಜುಲೈ 30 ಮತ್ತು 31 ನೆನಪಿರಬಹುದು. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ಲೈನು ಭಾರ ತಾಳದೆ ಕಳಚಿದ್ದೇ ನೆಪವಾಗಿ ಮೊದಲ ದಿನ ಉತ್ತರ, ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಕುಸಿದವು. ರೈಲುಗಳು ಹಳಿಯ ಮೇಲೇ ನಿಂತವು, ಅರವತ್ತು ಕೋಟಿಗೂ ಹೆಚ್ಚು ಜನ ಇರುವ ಪ್ರದೇಶದಲ್ಲಿ ಕರೆಂಟು ಹೋಯಿತು. ದಕ್ಷಿಣ ಬೇರೆ ಜಾಲವಾದ್ದರಿಂದ ಉಳಿಯಿತು. ಆ ದಿನಗಳಲ್ಲಿ ನಮ್ಮ ನಡುವೆಯೇ ಕೇಳಿಬಂದ ಮಾತು: "ನಾವು ಸೇರದೇ ಇದ್ದದ್ದೇ ಒಳ್ಳೆಯದಾಯಿತು, ಇನ್ನು ಸೇರುವುದು ಬೇಡ." ಆ ಭಯದಲ್ಲಿ ಹುರುಳಿತ್ತು. ದೊಡ್ಡ ಜಾಲದಲ್ಲಿ ಒಬ್ಬರ ತಪ್ಪು ಎಲ್ಲರಿಗೂ ತಟ್ಟುತ್ತದೆ. ಆದರೆ ತನಿಖೆಯಲ್ಲಿ ಕಂಡದ್ದು ಜಾಲದ ಗಾತ್ರಕ್ಕಿಂತ ಅಶಿಸ್ತಿನ ದೋಷ: ರಿಪೇರಿಗೆಂದು ಕೆಲವು ಲೈನು ತೆಗೆದು ಜಾಲ ದುರ್ಬಲವಾಗಿದ್ದಾಗಲೂ ರಾಜ್ಯಗಳು ನಿಗದಿಗಿಂತ ಹೆಚ್ಚು ಎಳೆದಿದ್ದವು. ಯೋಜನೆಯನ್ನು ಕೈಬಿಡದೆ, ನಿಯಮ ಬಿಗಿ ಮಾಡಿ, ಹದಿನೇಳು ತಿಂಗಳಲ್ಲಿ ದಕ್ಷಿಣವನ್ನು ಸೇರಿಸಿದರು. ಹೆದರಿದ ಗಳಿಗೆಯಲ್ಲಿ ತೀರ್ಮಾನ ಬದಲಿಸದೇ ಇದ್ದದ್ದು ನನ್ನ ಸೇವಾವಧಿಯಲ್ಲಿ ಕಂಡ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಒಂದು.

ಅದರ ಫಲ ಹತ್ತು ವರ್ಷದ ಮೇಲೆ ನಮ್ಮ ಮನೆ ಬಾಗಿಲಿಗೇ ಬಂತು. 2023ರ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಎಂದು ಸಾರಬೇಕಾಯಿತು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ, ಕೊಳವೆಬಾವಿಗಳು ಹಗಲಿರುಳು ಓಡಿದವು, ಅಕ್ಟೋಬರಿನಲ್ಲೇ ಬೇಸಗೆಯ ಬೇಡಿಕೆ. ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಕೊಡುತ್ತೇವೆ ಎಂದಿದ್ದ ಸರ್ಕಾರ ಐದು ಗಂಟೆಗೆ ಇಳಿಯಬೇಕಾಯಿತು, ರೈತರು ಬೀದಿಗೆ ಬಂದರು. ಆಗ ಮಾಡಿಕೊಂಡ ಏರ್ಪಾಡು ಏನು ಗೊತ್ತೇ? ಚಳಿಗಾಲದಲ್ಲಿ ಉತ್ತರ ಪ್ರದೇಶ, ಪಂಜಾಬುಗಳಿಂದ ನೂರಾರು ಮೆಗಾವ್ಯಾಟ್ ಸಾಲ ತರುವುದು, ಮುಂದಿನ ಮುಂಗಾರಿನಲ್ಲಿ ಅಲ್ಲಿ ಭತ್ತದ ನಾಟಿಗೆ ಕರೆಂಟು ಬೇಕಾದಾಗ ನಾವು ವಿದ್ಯುತ್ತನ್ನೇ ಹಿಂದಿರುಗಿಸುವುದು. ದುಡ್ಡಿನ ಬದಲು ಕರೆಂಟೇ ಕೊಟ್ಟು ತೀರಿಸುವ ಸಾಲ. ಪಂಜಾಬಿನ ವಿದ್ಯುತ್ತಿನಿಂದ ಚಿತ್ರದುರ್ಗದ ಕೊಳವೆಬಾವಿ ಓಡುವುದು ತೊಂಬತ್ತರ ದಶಕದ ನಮ್ಮ ಕಂಟ್ರೋಲ್ ರೂಮಿನಲ್ಲಿ ಊಹಿಸಲೂ ಆಗದ ಮಾತು.

ಇನ್ನು ಲೆಕ್ಕದ ವಿಷಯ. ದೇಶಕ್ಕೆ ಮುಂದೆ ಎಷ್ಟು ವಿದ್ಯುತ್ ಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಕೆಲವು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡುತ್ತದೆ. ಇಂಥ ಸಮೀಕ್ಷೆಗಳು ಹೇಗೆ ಎಡವುತ್ತವೆ ಎಂಬುದಕ್ಕೆ 2021–22 ಎಂಬ ಒಂದೇ ವರ್ಷ ಸಾಕು. ಆ ವರ್ಷದ ಗರಿಷ್ಠ ಬೇಡಿಕೆ 2.83 ಲಕ್ಷ ಮೆಗಾವ್ಯಾಟ್ ಆಗುತ್ತದೆ ಎಂದು 18ನೇ ಸಮೀಕ್ಷೆ 2011ರಲ್ಲಿ ಹೇಳಿತು. 2017ರ ಆರಂಭದಲ್ಲಿ ಬಂದ 19ನೇ ಸಮೀಕ್ಷೆ ಅದನ್ನು 2.26 ಲಕ್ಷಕ್ಕೆ ಇಳಿಸಿತು. ವರ್ಷ ಬಂದಾಗ ನಿಜವಾಗಿ ಆದದ್ದು ಸುಮಾರು 2.03 ಲಕ್ಷ. ಕೋವಿಡ್ ಸ್ವಲ್ಪ ಕಾರಣ ಇರಬಹುದು. ಆದರೆ ಹತ್ತು ವರ್ಷದ ಹಿಂದಿನ ಅಂದಾಜಿಗೂ ವಾಸ್ತವಕ್ಕೂ ನಡುವಿನ 80,000 ಮೆಗಾವ್ಯಾಟ್ ಅಂತರವನ್ನು ಕೋವಿಡ್ ಒಂದರ ತಲೆಗೆ ಕಟ್ಟಲಾಗದು. ಅಂದುಕೊಂಡ ವೇಗದಲ್ಲಿ ಕಾರ್ಖಾನೆಗಳು ಬರಲಿಲ್ಲ. ಮನೆಮನೆಯ ಬಲ್ಬು ಎಲ್‌ಇಡಿ ಆಗುತ್ತದೆ ಎಂಬುದು 2011ರ ಲೆಕ್ಕದಲ್ಲಿ ಇರಲು ಸಾಧ್ಯವಿರಲಿಲ್ಲ.

ಆ ದೊಡ್ಡ ಅಂಕಿಗಳನ್ನು ನಂಬಿ ಬ್ಯಾಂಕುಗಳು ಸಾಲ ಕೊಟ್ಟವು, ಕಂಪನಿಗಳು ಕಲ್ಲಿದ್ದಲು ಸ್ಥಾವರ ಕಟ್ಟಿದವು. 2018ರಲ್ಲಿ ಸಂಸತ್ತಿನ ಇಂಧನ ಸ್ಥಾಯಿ ಸಮಿತಿ ಪಟ್ಟಿ ಮಾಡಿದಾಗ ಸಾಲ ತೀರಿಸಲಾಗದೆ ಒದ್ದಾಡುತ್ತಿದ್ದ ಸ್ಥಾವರಗಳು 34, ಅವುಗಳ ಒಟ್ಟು ಸಾಮರ್ಥ್ಯ ಸುಮಾರು 40,000 ಮೆಗಾವ್ಯಾಟ್. ಬಹುಪಾಲು ಬ್ಯಾಂಕಿನ ಹಣ, ಅಂದರೆ ಜನರ ಠೇವಣಿ. ಬೇಡಿಕೆಯ ಲೆಕ್ಕ ತಪ್ಪಿದ್ದು ಅದಕ್ಕಿದ್ದ ಹಲವು ಕಾರಣಗಳಲ್ಲಿ ಒಂದು: ಕಲ್ಲಿದ್ದಲು ಸಿಗದೆ ನಿಂತವು ಕೆಲವು, ಕೊಳ್ಳುವ ಒಪ್ಪಂದವಿಲ್ಲದೆ ನಿಂತವು ಕೆಲವು. ಹೆಚ್ಚು ಕಟ್ಟಿದರೂ ನಷ್ಟ, ಕಡಿಮೆ ಕಟ್ಟಿದರೂ ನಷ್ಟ. ಹಾಗೆಂದು ಅಂದಾಜೇ ಮಾಡಬಾರದೆಂದಲ್ಲ. ಒಂದೇ ಅಂಕಿಯನ್ನು ನಂಬಬಾರದು, ಮತ್ತೆ ಮತ್ತೆ ತಿದ್ದಬೇಕು, ತಿದ್ದಿದ್ದನ್ನು ನಾಚಿಕೆಯಿಲ್ಲದೆ ಪ್ರಕಟಿಸಬೇಕು. 2.83ನ್ನು 2.26 ಮಾಡಿ ಪ್ರಕಟಿಸಿದ ಅಧಿಕಾರಿಗಳ ಬಗ್ಗೆ ನನಗೆ ಗೌರವವಿದೆ.

ಈಗ ಬೇಡಿಕೆಯ ಗಾಳಿ ಮತ್ತೆ ಬೀಸಿದೆ. 2024ರ ಮೇ 30ರಂದು ದೇಶದ ಬೇಡಿಕೆ 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತು. 2031–32ಕ್ಕೆ 3.66 ಲಕ್ಷ ಎಂದು 2022ರ ಸಮೀಕ್ಷೆ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಪ್ರಸರಣ ಯೋಜನೆ 2032ಕ್ಕೆ 4.58 ಲಕ್ಷ ಎಂದು ಇಟ್ಟುಕೊಂಡಿದೆ. ಎರಡರ ಲೆಕ್ಕದ ತಳಹದಿ ಒಂದೇ ಅಲ್ಲ, ನಿಜ. ಆದರೂ ಎರಡು ವರ್ಷದ ಅಂತರದಲ್ಲಿ ಒಂದು ಲಕ್ಷಕ್ಕೆ ಹತ್ತಿರದ ವ್ಯತ್ಯಾಸ ಎಂದರೆ ಓದುಗರು ಗಮನಿಸಬೇಕಾದ ಸಂಗತಿ. ಆ ಯೋಜನೆಯ ಪ್ರಕಾರ ದೊಡ್ಡ ಲೈನುಗಳ ಉದ್ದವನ್ನು 4.85 ಲಕ್ಷ ಸರ್ಕ್ಯೂಟ್ ಕಿಲೋಮೀಟರಿನಿಂದ 6.48 ಲಕ್ಷಕ್ಕೆ ಏರಿಸಬೇಕು. ಅಂದಾಜು ವೆಚ್ಚ 9 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಬೇಡಿಕೆ ಇಷ್ಟು ಅನಿಶ್ಚಿತವಾಗಿದ್ದರೂ ತಂತಿಗೆ ಇಷ್ಟು ಹಣ ಏಕೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ನನ್ನ ಉತ್ತರ: ಉತ್ಪಾದನೆಯ ಅಂದಾಜು ತಪ್ಪಿದರೆ ಒಂದು ಸ್ಥಾವರ ಸುಮ್ಮನೆ ನಿಲ್ಲುತ್ತದೆ. ಲೈನು ಹಾಗಲ್ಲ. ಯಾವ ಊರಲ್ಲಿ ಕಾರ್ಖಾನೆ ಬರುತ್ತದೆ, ಯಾವ ರಾಜ್ಯದಲ್ಲಿ ಮಳೆ ಕೈಕೊಡುತ್ತದೆ ಎಂದು ಯಾರಿಗೂ ಗೊತ್ತಿಲ್ಲದಿರುವಾಗ ಎಲ್ಲಿಂದ ಎಲ್ಲಿಗಾದರೂ ಸಾಗಿಸುವ ಶಕ್ತಿಯೇ ಆ ಅಜ್ಞಾನಕ್ಕೆ ನಾವು ಕಟ್ಟುವ ವಿಮೆ. ಎರಡನೆಯ ಕಾರಣ ಕಾಲದ್ದು. ಸೌರ ಸ್ಥಾವರವನ್ನು ಒಂದು ಒಂದೂವರೆ ವರ್ಷದಲ್ಲಿ ಎಬ್ಬಿಸಬಹುದು. ರಾಜ್ಯಗಳನ್ನು ದಾಟುವ ಲೈನಿಗೆ ಸರ್ವೆ, ಅರಣ್ಯದ ಅನುಮತಿ, ರೈತರ ಒಪ್ಪಿಗೆ ಎಲ್ಲ ಸೇರಿ ನಾಲ್ಕೈದು ವರ್ಷ. ಜಲವಿದ್ಯುತ್ ಯೋಜನೆಗೆ ಹತ್ತು ವರ್ಷವೂ ಸಾಲದೆ ಬರಬಹುದು. ನಿಧಾನವಾದದ್ದನ್ನು ಮೊದಲು ಶುರುಮಾಡದಿದ್ದರೆ ಬೇಗ ಆಗುವುದು ಬಂದು ಕಾಯುತ್ತಾ ಕೂರುತ್ತದೆ. ರಾಜಸ್ಥಾನದಲ್ಲಿ ಈಗ ಆಗಿರುವುದು ಅದೇ. ಮರುಭೂಮಿಯಲ್ಲಿ ಸೌರ ಫಲಕಗಳು ಸಿದ್ಧವಾಗಿವೆ, ಬಿಸಿಲು ಧಾರಾಳವಾಗಿದೆ, ಮಧ್ಯಾಹ್ನದ ವಿದ್ಯುತ್ತನ್ನು ಹೊರಗೆ ಕಳುಹಿಸಲು ಲೈನಿನಲ್ಲಿ ಜಾಗವಿಲ್ಲದೆ ಉತ್ಪಾದನೆ ತಗ್ಗಿಸಬೇಕಾಗುತ್ತಿದೆ.

ನಮ್ಮ ಪಾವಗಡದ ಸೌರ ಪಾರ್ಕಿನಲ್ಲಿ ಕೆಲಸ ಇದಕ್ಕಿಂತ ಚೆನ್ನಾಗಿ ನಡೆಯಿತು. ತಿರುಮಣಿ, ವಳ್ಳೂರು, ಬಾಲಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಾರ್ಕು ಎದ್ದಂತೆ ಸಬ್‌ಸ್ಟೇಷನ್ನೂ ಲೈನೂ ಜೊತೆಜೊತೆಗೇ ಬಂದವು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ಮಾಲೀಕರ ಮಟ್ಟಿಗೆ ಇದು ಒಳ್ಳೆಯ ಮಾದರಿ. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ, ಒಂದು ಗುಂಟೆಯೂ ಇಲ್ಲದವರಿಗೆ ಗುತ್ತಿಗೆಯ ಹಣ ಬರಲಿಲ್ಲ. ಮುಂದಿನ ಪಾರ್ಕುಗಳ ಲೆಕ್ಕದಲ್ಲಿ ಅವರ ಹೆಸರೂ ಇರಬೇಕು.

ತಂತಿಯ ಕೆಳಗೆ ಬದುಕುವವರ ಮಾತನ್ನು ಹೇಳದೆ ತಂತಿಯನ್ನು ಹೊಗಳಿದರೆ ಅನ್ಯಾಯವಾದೀತು. ಲೈನಿನ ಕೆಲಸಕ್ಕೆಂದು ರಾಯಚೂರು ಕಡೆ ಓಡಾಡುವಾಗ ಹತ್ತಿ ಹೊಲದ ಬದುವಿನಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ನನಗೆ ಹೇಳಿದರು: "ಕರೆಂಟು ನಮ್ಮ ತಲಿ ಮ್ಯಾಲ ಹಗಲೂ ರಾತ್ರಿ ಹೋಗ್ತದ್ರೀ ಸಾಹೇಬ್ರ. ನಮ್ಮ ಮೋಟಾರಿಗೆ ಮಾತ್ರ ರಾತ್ರಿ ಹನ್ನೆರಡಕ್ಕ ಬರ್ತದ." ಅವರ ಎದುರು ನಾನು ಗ್ರಿಡ್ಡಿನ ವಿವರಣೆ ಕೊಡಲು ಹೋಗಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ನೀರು ಹಾಯಿಸಲು ನಡುರಾತ್ರಿ ಹೊಲಕ್ಕೆ ಹೋಗಿ ಹಾವು ಕಚ್ಚಿಸಿಕೊಂಡವರ ಸಂಗತಿ ಆ ಭಾಗದ ಪ್ರತಿ ಊರಲ್ಲೂ ಕೇಳಸಿಗುತ್ತದೆ. ಈಗ ಹಗಲಿನ ಸೌರ ವಿದ್ಯುತ್ತು ಇದೆ. ಪಂಪ್‌ಸೆಟ್ ಫೀಡರುಗಳನ್ನು ಬೇರ್ಪಡಿಸಿ, ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ, ಹಗಲೇ ಮೂರು ಫೇಸ್ ಕೊಡಲು ಇಂದು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. 765ರ ಲೈನಿಗೆ ಸಿಕ್ಕಿದ ಆದ್ಯತೆ ಈ 11 ಕಿಲೋವೋಲ್ಟ್ ಕೆಲಸಕ್ಕೂ ಸಿಗಬೇಕು.

ಪರಿಹಾರದ ಮಾತೂ ಅಷ್ಟೇ. ಲೈನು ಎಳೆಯಲು ಬಹಳ ಕಾಲ ಬಳಸಿದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ. ಅದರಲ್ಲಿ ಭೂಮಿ ರೈತರದ್ದೇ ಆಗಿ ಉಳಿಯುತ್ತಿತ್ತು, ಆದ್ದರಿಂದ ಬೆಳೆ ಮತ್ತು ಮರದ ನಷ್ಟವಷ್ಟೇ ಕೊಡುವ ರೂಢಿ ಇತ್ತು. ಗೋಪುರ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಎಂದು ಕೇಂದ್ರ ಮಾರ್ಗಸೂಚಿ ಬಂದದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಈ ನ್ಯಾಯ ಮೂವತ್ತು ವರ್ಷ ಮೊದಲೇ ಆಗಿದ್ದರೆ ಎಷ್ಟೋ ಲೈನುಗಳು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ ಎಂಬುದು ಹೊಲಹೊಲ ಸುತ್ತಿದ ನನ್ನ ದೃಢ ನಂಬಿಕೆ. ಪರಿಹಾರವನ್ನು ಖರ್ಚು ಎಂದು ನೋಡುವವರು ತಡವಾದ ಒಂದೊಂದು ವರ್ಷದ ಬಡ್ಡಿಯನ್ನು ಪಕ್ಕದಲ್ಲಿ ಬರೆದು ನೋಡಲಿ.

ಇನ್ನೊಂದು ಊರಿನ ಮಾತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಹಿನ್ನೀರು ಏರಿ ಸಾಗರ ತಾಲ್ಲೂಕಿನ ತುಮರಿ ಭಾಗದ ಹಳ್ಳಿಗಳು ದ್ವೀಪದಂತಾದವು. ಆಸ್ಪತ್ರೆಗೂ ಕಾಲೇಜಿಗೂ ಹೊಳೆಬಾಗಿಲಿನ ಲಾಂಚೇ ಗತಿ, ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದವರ ಪಾಡು ದೇವರೇ ಬಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ನೀರಿನ ಆಚೆ ದಡದಲ್ಲಿದ್ದ ಆ ಜನರಿಗೆ ಎರಡು ಕಿಲೋಮೀಟರಿಗೂ ಉದ್ದದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರವತ್ತು ವರ್ಷ. ಅಣೆಕಟ್ಟಿನ ಲೆಕ್ಕದಲ್ಲೇ ಸೇತುವೆಯ ಲೆಕ್ಕವನ್ನೂ ಸೇರಿಸದೆ ಹೋದರೆ ಅದನ್ನು ದೂರದೃಷ್ಟಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅದೇ ಕಣಿವೆಯಲ್ಲಿ ಈಗ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆಗೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಇಳಿಸಿ ಉತ್ಪಾದಿಸುವುದು. ಸೂರ್ಯ ಮುಳುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಇಂಥ ಸಂಗ್ರಹ ಬೇಕೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ, ಸಡಿಲ ಮಣ್ಣಿನ ಘಟ್ಟ. ಕರ್ನೂಲು ಸೀಮೆಯ ಪಿನ್ನಾಪುರಂನಲ್ಲಿ ಮಾಡಿದ ಹಾಗೆ ನದಿಪಾತ್ರದಿಂದ ಆಚೆಗೆ, ಬೋಳು ಗುಡ್ಡಗಳಲ್ಲಿ ಕಟ್ಟಬಹುದಾದ ಜಾಗಗಳನ್ನೂ ಬ್ಯಾಟರಿಯ ವೆಚ್ಚವನ್ನೂ ಪಕ್ಕಪಕ್ಕದಲ್ಲಿಟ್ಟು ಜನರ ಮುಂದೆ ತೋರಿಸುವವರೆಗೆ ಶರಾವತಿಯನ್ನು ಮತ್ತೆ ಅಗೆಯಬಾರದು ಎಂಬುದು ನನ್ನ ಅಭಿಪ್ರಾಯ. ಜಾಲ ಒಂದಾಗಿರುವುದರ ಒಂದು ಲಾಭವೇ ಇದು: ಸಂಗ್ರಹ ನಮ್ಮ ಘಟ್ಟದಲ್ಲೇ ಇರಬೇಕಾಗಿಲ್ಲ.

ಇದೆಲ್ಲ ದೆಹಲಿಯ ತಜ್ಞರ ಕೆಲಸ, ನಮಗೇನು ಎಂದು ಓದುಗರು ಪುಟ ತಿರುವಬಾರದು. 2003ರ ವಿದ್ಯುತ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಐದು ವರ್ಷಕ್ಕೊಮ್ಮೆ ಮಾಡುವ ರಾಷ್ಟ್ರೀಯ ವಿದ್ಯುತ್ ಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸಲಹೆ ಕೇಳಲೇಬೇಕು. ನಮ್ಮಲ್ಲೂ ವಿದ್ಯುತ್ ಹಂಚುವ ಎಸ್ಕಾಂಗಳು ಮತ್ತು ಪ್ರಸರಣ ನೋಡಿಕೊಳ್ಳುವ ಕೆಪಿಟಿಸಿಎಲ್ ದರದ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ, ಅಲ್ಲಿ ಯಾವ ಗ್ರಾಹಕರೂ ಮಾತಾಡಬಹುದು. ಯೂನಿಟ್ಟಿಗೆ ಎಷ್ಟು ಪೈಸೆ ಏರುತ್ತದೆ ಎಂಬುದಷ್ಟನ್ನೇ ನಾವೆಲ್ಲ ಓದುತ್ತೇವೆ. ಅದೇ ಅರ್ಜಿಯಲ್ಲಿ ಮುಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ಸಬ್‌ಸ್ಟೇಷನ್, ಯಾವ ಲೈನು, ಎಷ್ಟು ಹಣ ಎಂಬ ಬಂಡವಾಳ ಯೋಜನೆಯೂ ಇರುತ್ತದೆ. ಮುಂದಿನ ಸಲ ನೋಟಿಸು ಪತ್ರಿಕೆಯಲ್ಲಿ ಬಂದಾಗ ಆ ಪುಟ ತೆರೆದು ನಿಮ್ಮ ತಾಲ್ಲೂಕಿನ ಹೆಸರು ಹುಡುಕಿ. ಇಲ್ಲದಿದ್ದರೆ, ಅಥವಾ ಹಳೆಯ ವರ್ಷದ ಕೆಲಸವೇ ಮತ್ತೆ ಹೊಸದೆಂದು ಬಂದಿದ್ದರೆ, ಒಂದು ಹಾಳೆಯಲ್ಲಿ ಆಕ್ಷೇಪ ಬರೆದು ಆಯೋಗಕ್ಕೆ ಕಳುಹಿಸಿ, ವಿಚಾರಣೆಯ ದಿನ ಹೋಗಿ ಕೇಳಿ. ಕನ್ನಡದಲ್ಲೇ ಬರೆಯಬಹುದು.